ಅಪ್ಪ ಕೋರ್ಟಿಗೆ ಹೋಗುತ್ತಿದ್ದರು

ನಾನು ಸಣ್ಣವಳಿದ್ದಾಗ ಸಂಜೆ ಹೊತ್ತು ಯಾರಾದರೂ ಮನೆಗೆ ಬಂದು, "ನಿಮ್ಮಪ್ಪಾರು ಎಲ್ಲಿಗೆ ಹೋಗ್ಯಾರವಾ?" ಅಂತ ಕೇಳಿದರೆ, "ಕೋರ್ಟಿಗೆ ಹೋಗ್ಯಾರ್ರಿ" ಅನ್ನುತ್ತಿದ್ದೆ. ಬಂದವರ ಮುಖ ಸಪ್ಪಗಾಗುತ್ತಿತ್ತು. "ಇನ್ನೂ ನಿಮ್ಮ ಪರಿಹಾರದ ಕೇಸು ಮುಗದಿಲ್ಲೇನವಾ? ಪಾಪ, ಎಷ್ಟಂತ ಅಡ್ಡಾಡತಾರ" ಅಂತ ಲೊಚಗುಟ್ಟಿ ಹೋಗುತ್ತಿದ್ದರು.

ಅವರದೇನೂ ತಪ್ಪಿಲ್ಲ. ಬಾಗಲಕೋಟೆಯ ನವನಗರದಲ್ಲಿ ಆಗ ಕೋರ್ಟು ಅಂದರೆ ಒಂದೇ ಅರ್ಥ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟವರು ಹೆಚ್ಚಿನ ಪರಿಹಾರಕ್ಕಾಗಿ ಕೇಸು ಹಾಕಿ, ಕೈಯಲ್ಲೊಂದು ಫೈಲು ಹಿಡಿದು ವರ್ಷಗಟ್ಟಲೆ ಅಡ್ಡಾಡುತ್ತಿದ್ದ ಕಾಲ ಅದು. ಸಂಜೆ ಆರಕ್ಕೆ ಯಾವ ಕೋರ್ಟು ತೆರೆದಿರುತ್ತದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಮ್ಮಪ್ಪ ಹೋಗುತ್ತಿದ್ದುದು ಟೆನಿಸ್ ಕೋರ್ಟಿಗೆ. ಬ್ಯಾಂಕಿನಿಂದ ಬಂದು, ಚಹಾ ಕುಡಿದು, ಬಿಳಿ ಚಡ್ಡಿ ಹಾಕಿಕೊಂಡು, ಸೈಕಲ್ಲಿನ ಹ್ಯಾಂಡಲ್ಲಿಗೆ ರ‍್ಯಾಕೆಟ್ ಜೋತುಬಿಟ್ಟು ಹೊರಡುತ್ತಿದ್ದರು. ಅಂಗಿ ಕಿಸೆಯಲ್ಲಿ ಒಂದು ಕೀಲಿಕೈ. ಕೋರ್ಟಿನ ಮೂಲೆಯ ತಗಡಿನ ಶೆಡ್ಡಿನದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೀಲಿಕೈ ನಮ್ಮ ಮನೆಯ ದೇವರ ಜಗಲಿಯ ಪಕ್ಕದ ಮೊಳೆಗೆ ನೇತಾಡಿದೆ.

ಹೋದ ವರ್ಷ ಅದನ್ನು ಯಾರಿಗೆ ಕೊಡಬೇಕು ಅನ್ನುವ ಪ್ರಶ್ನೆ ಬಂತು. ಆ ಕಥೆ ಹೇಳಬೇಕು ಅಂದರೆ ಮೊದಲು ನೀರಿನ ಕಥೆ ಹೇಳಬೇಕು.

ನೀರು ಬಂತು

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನಮ್ಮ ಊರಿರುವುದು ಘಟಪ್ರಭೆಯ ದಂಡೆಗೆ. ಆಲಮಟ್ಟಿಯಲ್ಲಿ ನೀರು ನಿಂತರೆ ಅದು ಘಟಪ್ರಭೆಗುಂಟ ಹಿಂದಕ್ಕೆ ಸರಿದು ಬಾಗಲಕೋಟೆಯ ಹೊಸ್ತಿಲಿಗೆ ಬರುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಮೂವತ್ತು ವರ್ಷ "ಬರತೈತಿ, ಬರತೈತಿ" ಅಂತ ಕೇಳಿ ಕೇಳಿ ಯಾರೂ ನಂಬುತ್ತಿರಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್‌ವರೆಗೆ ಕಟ್ಟಬಹುದು ಅಂದಿತು. ನೀರು ಬಂದೇ ಬಂತು.

ಅಷ್ಟರಲ್ಲಿ ನವನಗರ ಸಿದ್ಧವಾಗುತ್ತಿತ್ತು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯೂ ಇತ್ತು. ಅಗಲವಾದ ರಸ್ತೆ, ನೇರವಾದ ಸೆಕ್ಟರುಗಳು, ಬಿಟ್ಟ ಖಾಲಿ ಜಾಗ. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯೂ ಆಯಿತು. ಕಾಗದದ ಮೇಲೆ ಎಲ್ಲ ಚಲೋ ಇತ್ತು.

ಆದರೆ ಹಳೇ ಊರಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಯವರು ಇಲ್ಲಿ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದರು. ಕಿಲ್ಲಾ, ಹಳೇಪೇಟೆ, ವೆಂಕಟಪೇಟೆ ಅಂತ ಹೇಳಿಕೊಳ್ಳುತ್ತಿದ್ದವರಿಗೆ ಈಗ ಸೆಕ್ಟರ್ ನಂಬರು, ಪ್ಲಾಟ್ ನಂಬರು. ನಮ್ಮ ಅಜ್ಜ ತಮ್ಮ ಮನೆಯ ನಂಬರು ಕಡೆತನಕ ನೆನಪಿಟ್ಟುಕೊಳ್ಳಲಿಲ್ಲ. "ನೀರಿನ ಟಾಕಿ ಹಿಂದ" ಅನ್ನುತ್ತಿದ್ದರು, ಅಷ್ಟೆ. ಹೋಳಿ ಬಂತೆಂದರೆ ಮಾತ್ರ ಹಲಗಿ ಸಪ್ಪಳ ಕೇಳಿ ಎಲ್ಲರೂ ಹಳೇ ಊರಿಗೆ ಓಡುತ್ತಿದ್ದರು. ಬಣ್ಣದ ಬಂಡಿಯ ಹಿಂದೆ ನಿಂತಾಗ ಹಳೇ ಓಣಿ ಮತ್ತೆ ಒಂದಾಗುತ್ತಿತ್ತು. ಹಬ್ಬ ಮುಗಿದ ಮೇಲೆ ಮತ್ತೆ ಸೆಕ್ಟರ್ ನಂಬರು.

ಅಜ್ಜ ಬಹಳ ನೆನೆಯುತ್ತಿದ್ದುದು ಮನೆಯನ್ನಲ್ಲ, ಓಣಿಯ ಗರಡಿಮನೆಯನ್ನು. ಹನುಮಪ್ಪನ ಫೋಟೋ, ಒಂದು ದೀಪ, ನಡುವೆ ಕೆಂಪು ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆಹಣ್ಣಿನ ರಸ ಹಾಕಿ ಹದ ಮಾಡುತ್ತಿದ್ದರಂತೆ. ಫೀಸು ಇಲ್ಲ, ಮೆಂಬರ್‌ಶಿಪ್ ಇಲ್ಲ. ಒಂದೇ ನೇಮ: ಬಂದವನು ಮೊದಲು ಗುದ್ದಲಿ ಹಿಡಿದು ಮಣ್ಣು ಕಡಿಯಬೇಕು, ಆಮೇಲೆ ಕುಸ್ತಿ. "ಮಣ್ಣ ಕಡೀಲಾರದವಗ ಮಣ್ಣಾಗ ಇಳ್ಯಾಕ ಹಕ್ಕಿಲ್ಲ" ಅನ್ನುತ್ತಿದ್ದರು ಅಜ್ಜ.

ಆ ಗರಡಿ ನೀರಿನ ಪಾಲಾಯಿತು. ಅಜ್ಜ ಅಲ್ಲಿಂದ ತಂದಿದ್ದು ಒಂದು ಜೊತೆ ಕಟ್ಟಿಗೆಯ ಗದೆ. ನವನಗರದ ಮನೆಯಲ್ಲಿ ಅವನ್ನು ಎಲ್ಲಿಡಬೇಕು ಅಂತ ತಿಳಿಯದೆ, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದರು.

ನಾಲ್ಕೂರಿನ ಒಂದು ಕೋರ್ಟು

ಅಪ್ಪ ಧಾರವಾಡದಲ್ಲಿ ಕಾಲೇಜು ಓದುವಾಗ ಟೆನಿಸ್ ಕಲಿತವರು. ನವನಗರಕ್ಕೆ ಬಂದ ಮೇಲೆ ಸಂಜೆ ಮಾತಾಡಲು ಯಾರೂ ಇಲ್ಲದೆ ರಸ್ತೆಯಲ್ಲಿ ಒಬ್ಬರೇ ಅಡ್ಡಾಡುತ್ತಿದ್ದರಂತೆ. ಹಾಗೆ ಅಡ್ಡಾಡುತ್ತಿದ್ದ ಇನ್ನೂ ನಾಲ್ಕು ಮಂದಿ ಸಿಕ್ಕರು. ಒಬ್ಬರು ಪಿ.ಟಿ. ಮಾಸ್ತರು, ಒಬ್ಬರು ಟೇಲರ್, ಒಬ್ಬರು ಔಷಧಿ ಅಂಗಡಿಯವರು, ಇನ್ನೊಬ್ಬರು ನೀರಾವರಿ ಇಲಾಖೆಯ ಗುಮಾಸ್ತರು. ಕಡೆಯವರನ್ನು ಉಳಿದವರು, "ನಮ್ಮೂರು ಮುಳುಗಿಸಿದಾಂವ ಇವನ ನೋಡ್ರಿ" ಅಂತ ಕಾಡಿಸುತ್ತಿದ್ದರು. ಅವರ ಮನೆಯೂ ಮುಳುಗಿತ್ತು.

2001ರ ಬೇಸಿಗೆಯಲ್ಲಿ, ಜಾಲಿ ಕಂಟಿ ಬೆಳೆದಿದ್ದ ಒಂದು ಖಾಲಿ ಜಾಗ ಬಳಸಲು ಅನುಮತಿ ಸಿಕ್ಕಿತು. ಹತ್ತಿಪ್ಪತ್ತು ಸಂಜೆ ಕಂಟಿ ಕಡಿದರು. ಆಮೇಲೆ ಜಗಳ ಶುರುವಾಯಿತು. ಅಪ್ಪ ರಸ್ತೆಗೆ ಸರಿಯಾಗಿ ಕೋರ್ಟು ಹಾಕೋಣ ಅಂದರು. ಪಿ.ಟಿ. ಮಾಸ್ತರು, "ಉತ್ತರ ದಕ್ಷಿಣ ಹಾಕ್ರಿ. ಇಲ್ಲಂದ್ರ ಸಂಜೀ ಮುಂದ ಒಬ್ಬಾಂವ ಸೂರ್ಯಾನ್ನ ನೋಡಕೋತ ಆಡಬೇಕಾಗತೈತಿ" ಅಂದರು. ಮಾಸ್ತರು ಗೆದ್ದರು. ಹಗ್ಗ ಹಿಡಿದು ಅಳೆದರು: ಉದ್ದ 78 ಅಡಿ, ಡಬಲ್ಸ್‌ಗೆ ಅಗಲ 36 ಅಡಿ, ನಡುವೆ ನೆಟ್ಟಿನ ಎತ್ತರ 3 ಅಡಿ. ಸುತ್ತಲೂ ಓಡಾಡಲು ಜಾಗ.

ಮೊದಲ ಮಳೆಗೇ ಎಲ್ಲ ಕೆಟ್ಟಿತು. ನೆಲ ಎರಿ ಮಣ್ಣಿನದು. ಮಳೆ ಬಂದರೆ ಉಬ್ಬಿ ಕಾಲಿಗೆ ಹತ್ತುತ್ತದೆ, ಬಿಸಿಲು ಬಿದ್ದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಚೆಂಡು ಬಿದ್ದರೆ ಎತ್ತ ಪುಟಿಯುತ್ತದೋ ದೇವರೇ ಬಲ್ಲ. ಟೇಲರ್ ಕಾಕಾ ಅವರ ಬೀಗರ ಹೊಲ ಬಾದಾಮಿ ಹತ್ತಿರ ಇತ್ತು. ಅಲ್ಲಿನದು ಕೆಂಪು ಮಸಾರಿ. ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಮೇಲಿನ ಎರಿ ತೆಗೆದು, ಗರಸು ಹಾಕಿ, ಅದರ ಮೇಲೆ ಬಾದಾಮಿಯ ಕೆಂಪು ಮಣ್ಣು ಹರಡಿದರು. ನಾವು ಮಕ್ಕಳು ಹರಳು ಆರಿಸಿದೆವು. ಬಕೀಟು ತುಂಬಿದರೆ ಒಂದು ಪೆಪ್ಪರಮೆಂಟು.

ಗಟ್ಟಿ ಮಾಡಲು ರೋಲರ್ ಬೇಕು. ಕಬ್ಬಿಣದ್ದು ತರಲು ರೊಕ್ಕ ಇಲ್ಲ. ಆಗ ನೆನಪಾದವರು ಹುನಗುಂದದ ನಮ್ಮ ಮುತ್ಯಾ, ಅಮ್ಮನ ತಂದೆ. ಅವರ ಹೊಲದಲ್ಲಿ ಜೋಳದ ರಾಶಿ ಮಾಡಲು ಎತ್ತು ಕಟ್ಟಿ ಎಳೆಯುತ್ತಿದ್ದ ಕಲ್ಲಿನ ರೋಲರ್ ಇತ್ತು. ಮಷೀನು ಬಂದ ಮೇಲೆ ಅದು ಬೇವಿನ ಗಿಡದ ಕೆಳಗೆ ಸುಮ್ಮನೆ ಬಿದ್ದಿತ್ತು. ಮುತ್ಯಾ ಅದರ ಜೊತೆಗೆ ತಾವೂ ಬಂದರು. ಕೋರ್ಟು ನೋಡಿ ನಕ್ಕು, "ಇದೇನ್ರೋ, ಕಣಾನ ಮಾಡಾಕತ್ತೀರಲ್ಲ" ಅಂದರು. ನೀರು ಹೊಡೆಯುವುದು, ಅರ್ಧ ಒಣಗಿದಾಗ ರೋಲರ್ ಎಳೆಯುವುದು, ಆಮೇಲೆ ಸಗಣಿ ನೀರಿನಿಂದ ಸಾರಿಸುವುದು, ಇಷ್ಟನ್ನೂ ಹೇಳಿಕೊಟ್ಟವರು ಟೆನಿಸ್ ಚೆಂಡನ್ನು ಕೈಯಲ್ಲಿ ಹಿಡಿಯದ ಆ ಮುತ್ಯಾ.

ನೆಟ್ಟು ಸೆಕೆಂಡ್ ಹ್ಯಾಂಡು. ಮೇಲಿನ ಬಿಳಿ ಪಟ್ಟಿ ಹರಿದಿತ್ತು. ಔಷಧಿ ಅಂಗಡಿ ಕಾಕಾ ಅವರ ಸೋದರಮಾವ ಇಳಕಲ್ಲಿನಲ್ಲಿ ಸೀರೆ ನೇಯುವವರು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಆ ಕೈಗೆ ನಮ್ಮ ನೆಟ್ಟು ಯಾವ ಲೆಕ್ಕ? ತೂತುಗಳನ್ನೆಲ್ಲ ಗಂಟು ಕಾಣದಂತೆ ಕೂಡಿಸಿ, ದಪ್ಪ ಹತ್ತಿ ಬಟ್ಟೆಯ ಪಟ್ಟಿ ಹೊಲಿದು ಕಳಿಸಿದರು. ಪಟ್ಟಿಯ ಅಂಚಿಗೆ ಒಂದೆಳೆ ಕೆಂಪು ದಾರ ಇತ್ತು. ಯಾರೂ ಕೇಳಿರಲಿಲ್ಲ. ಅವರಿಗೆ ಅಂಚಿಲ್ಲದ ಬಟ್ಟೆ ಬಿಡುವುದು ಆಗಲಿಲ್ಲ ಅಂತ ಕಾಣುತ್ತದೆ.

ಹೀಗೆ ಬಾಗಲಕೋಟೆಯ ಜಾಗ, ಬಾದಾಮಿಯ ಮಣ್ಣು, ಹುನಗುಂದದ ಕಲ್ಲು, ಇಳಕಲ್ಲಿನ ದಾರ ಸೇರಿ ಒಂದು ಟೆನಿಸ್ ಕೋರ್ಟು ಆಯಿತು.

ರೋಲರಿನ ಕಥೆ

ಕ್ಲಬ್ಬಿಗೆ ಬೋರ್ಡಿರಲಿಲ್ಲ. ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ತಿಂಗಳಿಗೆ 30 ರೂಪಾಯಿ ವಂತಿಗೆ. ಮೊದಲು ಬಂದವರು ನೀರು ಹೊಡೆಯಬೇಕು, ಸುಣ್ಣದ ಗೆರೆ ಎಳೆಯಬೇಕು. ಕಡೆಗೆ ಹೋಗುವವರು ಕಸ ಹೊಡೆದು, ರೋಲರ್ ಎಳೆದು, ಕೀಲಿ ಹಾಕಬೇಕು. "ಮೊದಲ ನೀರು, ಆಮ್ಯಾಲೆ ಆಟ" ಅನ್ನುತ್ತಿದ್ದರು ಅಪ್ಪ. ಇದು ಅಜ್ಜನ ಗರಡಿಯ ನೇಮವೇ ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಟೆನಿಸ್ ಚೆಂಡಿನ ಒಳಗೆ ಗಾಳಿಯ ಒತ್ತಡ ಇರುತ್ತದೆ. ಡಬ್ಬಿ ತೆರೆದು ಕೆಲವು ದಿನ ಆಡಿದರೆ ಅದು ಸತ್ತು ಹೋಗುತ್ತದೆ, ಪುಟಿಯುವುದಿಲ್ಲ. ಮೂರು ಚೆಂಡಿನ ಹೊಸ ಡಬ್ಬಿ ತೆರೆಯುತ್ತಿದ್ದುದು ಭಾನುವಾರ ಮಾತ್ರ. ಸತ್ತ ಚೆಂಡಿಗೆ ಹೊರಗೆ ಗಿರಾಕಿಗಳು ಕಾಯುತ್ತಿದ್ದರು: ಓಣಿಯ ಕ್ರಿಕೆಟ್ ಹುಡುಗರು. ಅಪ್ಪ ಪುಕ್ಕಟೆ ಕೊಡುತ್ತಿರಲಿಲ್ಲ. "ಐದು ಸುತ್ತು ರೋಲರ್ ಎಳೀರಿ, ಒಂದು ಚೆಂಡು ಒಯ್ರಿ." ಹುಡುಗರು ಕೂಗಾಡುತ್ತಾ ಎಳೆಯುತ್ತಿದ್ದರು.

ವಿಂಬಲ್ಡನ್ ಕೂಡ ರೋಲರಿನಿಂದಲೇ ಶುರುವಾಯಿತು ಅಂತ ಹೇಳುತ್ತಾರೆ. 1868ರಲ್ಲಿ ಹುಟ್ಟಿದ ಆ ಕ್ಲಬ್ಬಿನಲ್ಲಿ ಮೊದಲು ಆಡುತ್ತಿದ್ದುದು ಕ್ರೋಕೆ ಎಂಬ ಆಟ. ಹುಲ್ಲು ಸಮ ಮಾಡಲು ಕುದುರೆ ಎಳೆಯುವ ರೋಲರ್ ಇತ್ತು. ಅದು ಕೆಟ್ಟಾಗ ರಿಪೇರಿಗೆ ರೊಕ್ಕ ಬೇಕಾಗಿ 1877ರಲ್ಲಿ ಟೆನಿಸ್ ಪಂದ್ಯ ಇಟ್ಟರಂತೆ. ಹೆಸರು ಕೊಟ್ಟವರು 22 ಮಂದಿ. ಫೈನಲ್ ನೋಡಲು ಒಂದು ಶಿಲ್ಲಿಂಗ್ ಟಿಕೆಟ್ಟು, ಬಂದವರು ಸುಮಾರು 200. ಗೆದ್ದವರು ಸ್ಪೆನ್ಸರ್ ಗೋರ್. ಈ ಕಥೆಯನ್ನು ಪಿ.ಟಿ. ಮಾಸ್ತರು ಪ್ರತಿ ವರ್ಷ ಜುಲೈಯಲ್ಲಿ ಹೇಳುತ್ತಿದ್ದರು. ಹೇಳಿ, "ನಮ್ಮ ರೋಲರ್ ಕಲ್ಲಿಂದೈತಿ, ಕೆಡೂದಿಲ್ಲ. ಅದಕ್ಕ ನಾವು ವಿಂಬಲ್ಡನ್ ಆಗಲಿಲ್ಲ" ಅನ್ನುತ್ತಿದ್ದರು.

ಸಾರಿಸೋರು, ಆಡೋರು

ಎಲ್ಲ ಇಷ್ಟು ಚೆಂದ ಇರಲಿಲ್ಲ. ಅದನ್ನೂ ಹೇಳಬೇಕು.

2005ರಲ್ಲಿ ನನಗೆ ಹನ್ನೆರಡು ವರ್ಷ. ಗೋಡೆಗೆ ಚೆಂಡು ಹೊಡೆದು ಹೊಡೆದು ನಾನೂ ನನ್ನ ಗೆಳತಿಯೂ ಸಾಕಷ್ಟು ಕಲಿತಿದ್ದೆವು. ಕೋರ್ಟಿನಲ್ಲಿ ಆಡುತ್ತೀವಿ ಅಂದೆವು. ಐವರಲ್ಲಿ ಒಬ್ಬರು, ಯಾರು ಅಂತ ಹೇಳಲಾರೆ, "ಹುಡುಗ್ಯಾರಿಗೆ ಮನೀ ಮುಂದ ಶಟಲ್ ಆಡೂದು ಚಲೋರಿ. ಇಲ್ಲಿ ರಸ್ತೇದಾಗ ಹೋಗೋರೆಲ್ಲ ನೋಡತಾರ" ಅಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಆಗಲೇ ಕಟ್ಟಿದ್ದ ಲೇಸು ಅದು.

ಮನೆಗೆ ಬಂದು ಅತ್ತೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು, ಏನೂ ಅನ್ನಲಿಲ್ಲ.

ಮುಂದಿನ ವಾರ ಕೋರ್ಟು ಸಾರಿಸುವ ಸರದಿ ಬಂತು. ಇಲ್ಲಿ ಒಂದು ಮಾತು. ಪುಸ್ತಕದಲ್ಲಿ ಏನೇ ಬರೆದಿರಲಿ, ಸಗಣಿ ಕಲಸಿ ಸಾರಿಸುತ್ತಿದ್ದುದು ಮೊದಲ ದಿನದಿಂದ ಮನೆಯ ಹೆಣ್ಣುಮಕ್ಕಳೇ. ಅಮ್ಮ, ಟೇಲರ್ ಕಾಕೂ, ಮಾಸ್ತರರ ಮನೆಯವರು. ಗಂಡಸರಿಗೆ ಅದು ಕಸುಬಲ್ಲ, ಅಷ್ಟೆ. ಆ ದಿನ ಅಮ್ಮ ಸಗಣಿ ಬುಟ್ಟಿ ತಂದು ನೆಟ್ಟಿನ ಹತ್ತಿರ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಿಂತಳು. ಐವರೂ ಅಲ್ಲೇ ಇದ್ದರು.

"ಕಣಾ ಸಾರ್ಸಾಕ ನಾವು ಬೇಕು. ಕಣದಾಗ ಕಾಲಿಡಾಕ ಮಾತ್ರ ನಮ್ಮ ಮಕ್ಕಳು ಬ್ಯಾಡೇನ್ರಿ? ಹಂಗಿದ್ರ ಇಕಾ ಬುಟ್ಟಿ, ನೀವ ಸಾರ್ಸಕೋರಿ."

ಇಷ್ಟೇ ಹೇಳಿ ಮನೆಗೆ ಬಂದಳು. ಬುಟ್ಟಿ ಎರಡು ದಿನ ಅಲ್ಲೇ ಇತ್ತು. ಮೂರನೇ ದಿನ ಅಪ್ಪ ಊಟಕ್ಕೆ ಕೂತಾಗ, ನನ್ನ ಕಡೆ ನೋಡದೆ, "ನಾಳೆಯಿಂದ ಸಂಜೀ ನಾಕೂವರಿಯಿಂದ ಐದೂವರಿತನಕ ಹುಡುಗ್ಯಾರ ಪಾಳಿ" ಅಂದರು. ಮೊದಲ ದಿನ ನಾನು ಪಾಯಿಂಟ್ಸ್ ಕೂಗುತ್ತಾ "ಫಾರ್ಟಿ ಲವ್" ಅಂದಾಗ ರಸ್ತೆಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು, "ಏನಂದ್ಯವಾ?" ಅಂತ ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ನಗೆಮಾತು.

ಸ್ಲಾಟ್ ಮುಗೀತು

2014ರಲ್ಲಿ ಕೆಲಸ ಸಿಕ್ಕು ಬೆಂಗಳೂರಿಗೆ ಬಂದೆ. ಇಲ್ಲಿ ಆಡುವುದು ಸುಲಭ. ಫೋನಿನಲ್ಲಿ ಸ್ಲಾಟ್ ಬುಕ್ ಮಾಡು, ರೊಕ್ಕ ಕಟ್ಟು, ಹೋಗಿ ಆಡು. ಗಂಟೆ ಮುಗಿದರೆ ಮುಂದಿನವರು ಬಂದು ಗೇಟಿನಲ್ಲಿ ನಿಲ್ಲುತ್ತಾರೆ. ಯಾರೂ ನೀರು ಹೊಡಿ ಅನ್ನುವುದಿಲ್ಲ, ಕಸ ಹೊಡಿ ಅನ್ನುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲು ನನಗೆ ಹಾಯ್ ಎನಿಸಿತ್ತು. ಸಗಣಿ, ಸುಣ್ಣ, ರೋಲರ್ ಯಾವುದೂ ಇಲ್ಲ. ಆಟ ಮಾತ್ರ.

ಎರಡು ವರ್ಷ ಒಂದೇ ಕೋರ್ಟಿನಲ್ಲಿ, ಪ್ರತಿ ಶನಿವಾರ, ನಮ್ಮ ಹಿಂದಿನ ಸ್ಲಾಟಿನಲ್ಲಿ ಆಡುತ್ತಿದ್ದ ಒಬ್ಬ ಹಿರಿಯರು ಇದ್ದರು. ಒಂದು ಶನಿವಾರದಿಂದ ಬರಲಿಲ್ಲ. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೂ ಅನಿಸಿರಲಿಲ್ಲ. ನಮ್ಮ ಊರಲ್ಲಾದರೆ ಎರಡನೇ ದಿನಕ್ಕೇ ಮನೆಗೆ ಹೋಗಿ, "ಯಾಕ್ರಿ, ಕಾಲು ನೋವೇನು?" ಅಂತ ಕೇಳುತ್ತಿದ್ದರು. ನೀರು ಹೊಡೆಯುವ ಸರದಿ ಯಾರದು ಅಂತ ಗೊತ್ತಿದ್ದರೆ ತಾನೆ, ಯಾರು ಬಂದಿಲ್ಲ ಅಂತ ಗೊತ್ತಾಗುವುದು?

ಇತ್ತ ಊರಲ್ಲಿ ಕ್ಲಬ್ಬು ಸೊರಗುತ್ತಿತ್ತು. ಗುಮಾಸ್ತ ಕಾಕಾ ಮಗನ ಮನೆಗೆ ಪುಣೆಗೆ ಹೋದರು. 2020ರ ಲಾಕ್‌ಡೌನಿನಲ್ಲಿ ಕೋರ್ಟಿನಲ್ಲಿ ಮತ್ತೆ ಜಾಲಿ ಎದ್ದಿತು. ಟೇಲರ್ ಕಾಕಾ ಮುಂದಿನ ವರ್ಷ ತೀರಿಕೊಂಡರು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅಪ್ಪ ಎರಡು ದಿನ ಖುಷಿಯಿಂದ ರ‍್ಯಾಕೆಟ್ ಹಿಡಿದು ಹೋದರು. ಮೂರನೇ ದಿನ ಮೊಣಕಾಲು ಬಾತಿತ್ತು. ಆಪರೇಷನ್ ಆಯಿತು.

ಆಗಲೇ ಆ ಮಾತು ಬಂದಿದ್ದು. ಒಬ್ಬರು ಬಂದು, ಅಲ್ಲಿ ಹಸಿರು ಟರ್ಫ್ ಹಾಸಿ, ಬಲೆ ಕಟ್ಟಿ, ರಾತ್ರಿ ಲೈಟು ಹಾಕಿ ಬಾಕ್ಸ್ ಕ್ರಿಕೆಟ್ ನಡೆಸುತ್ತೀವಿ ಅಂದರು. ಅನುಮತಿಯ ಕೆಲಸ ಅವರದೇ, ಕ್ಲಬ್ಬು ಒಪ್ಪಿ ಬಿಟ್ಟುಕೊಟ್ಟರೆ ಸಾಕು. ಹಳೇ ಮೆಂಬರುಗಳಿಗೆ ಬೆಳಿಗ್ಗೆ ಒಂದು ತಾಸು ಪುಕ್ಕಟೆ. ನಾನು ಆಗ ಮನೆಯಿಂದಲೇ ಕೆಲಸ ಮಾಡುತ್ತಾ ಅಪ್ಪನ ಆರೈಕೆಗೆ ಊರಲ್ಲಿದ್ದೆ. ಅಪ್ಪ ಹಾಸಿಗೆಯಿಂದಲೇ, "ಮೀಟಿಂಗಿಗೆ ನನ್ನ ಬದ್ಲಿ ನೀ ಹೋಗು. ಹೂಂ ಅಂತ ಹೇಳಿ ಬಾ. ಯಾರಿಗೆ ಆಗತೈತಿ ಇನ್ನ" ಅಂದರು. ನನಗೂ ಅದೇ ಸರಿ ಅನಿಸಿತು. ಟರ್ಫಿನಲ್ಲಿ ಏನು ತಪ್ಪಿದೆ? ಬೆಂಗಳೂರಲ್ಲಿ ನಾನೇ ಅಂಥಲ್ಲಿ ಆಡುತ್ತೀನಿ.

ಲೆಕ್ಕದ ಪುಸ್ತಕ

ಮೀಟಿಂಗಿನ ಹಿಂದಿನ ರಾತ್ರಿ ಲೆಕ್ಕ ನೋಡಲು ಪುಸ್ತಕ ತೆಗೆದೆ. ಅಪ್ಪನ ದುಂಡಗಿನ ಅಕ್ಷರ. ಸುಣ್ಣ, ಹಗ್ಗ, ಚೆಂಡು, ಟ್ರ್ಯಾಕ್ಟರ್ ಬಾಡಿಗೆ. ಯಾವ ದಿನ ಯಾರು ನೀರು ಹೊಡೆದರು, ಯಾರು ರೋಲರ್ ಎಳೆದರು, ಎಲ್ಲ ಇದೆ. ಕ್ರಿಕೆಟ್ ಹುಡುಗರಿಗೆ ಕೊಟ್ಟ ಸತ್ತ ಚೆಂಡಿನ ಲೆಕ್ಕವೂ ಇದೆ.

"ಸಗಣಿ: ಪುಕ್ಕಟೆ" ಅಂತ ಅಲ್ಲಲ್ಲಿ ಬರೆದಿದೆ. ಸಾರಿಸಿದವರ ಹೆಸರು ಎಲ್ಲೂ ಇಲ್ಲ. ಇಪ್ಪತ್ತು ವರ್ಷದ ಪುಸ್ತಕದಲ್ಲಿ ನಮ್ಮಮ್ಮನ ಹೆಸರು ಒಂದು ಸಲವೂ ಇಲ್ಲ.

ಸಿಟ್ಟು ಬಂತು. ಪುಸ್ತಕ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಎರಡು ಪುಟ ತಿರುವಿ, "ನಿಮ್ಮಪ್ಪಗ ಬರಿಯೂದು ಗೊತ್ತಿತ್ತು, ನಮಗ ಸಾರ್ಸೂದು ಗೊತ್ತಿತ್ತು. ಬರೀಲಿಲ್ಲಂದ್ರ ಮಾಡಿದ್ದು ಸುಳ್ಳಾಗತೈತೇನು?" ಅಂದಳು. ಸ್ವಲ್ಪ ಹೊತ್ತಿನ ಮೇಲೆ, ಲೈಟು ಆರಿಸುವಾಗ, ಅವಳೇ ಮತ್ತೆ ಅಂದಳು: "ಹಳೇ ಊರು ನಾವು ಬಿಡಲಿಲ್ಲ, ನೀರು ಬಿಡಿಸಿತು. ಇದನ್ನ ಯಾರು ಬಿಡಸಾಕತ್ತಾರ?"

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅಜ್ಜನ ಗರಡಿ ಹೋದಾಗ ಯಾರೂ ಏನೂ ಮಾಡುವಂತಿರಲಿಲ್ಲ. ನೀರಿನ ಮಟ್ಟ ನಮ್ಮ ಮನೆಯಲ್ಲಿ ನಿರ್ಧಾರವಾಗುವುದಿಲ್ಲ. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದಾಗಿನಿಂದ ಮತ್ತೆ ಮುಳುಗಡೆಯ ಮಾತು, ಮತ್ತೆ ಫೈಲು. ಅದೆಲ್ಲ ನಮ್ಮ ಕೈಯಲ್ಲಿಲ್ಲ. ಆದರೆ ಈ ಕೋರ್ಟಿಗೆ ನೀರು ಬಂದಿಲ್ಲ. ಇದನ್ನು ಬಿಡುತ್ತಿರುವುದು ನಾವೇ, ಸುಸ್ತಾಗಿ.

ಮರುದಿನ ತಗಡಿನ ಶೆಡ್ಡಿನ ಮುಂದೆ ಮೀಟಿಂಗು. ಹಳಬರು ಇಬ್ಬರು, ಆಮೇಲೆ ಸೇರಿದವರು ಇಬ್ಬರು, ಅಪ್ಪನ ಬದಲಿಗೆ ನಾನು. ಇಬ್ಬರು ಟರ್ಫ್ ಆಗಲಿ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಲೈಟು ಬರುತ್ತದೆ, ಊರ ಹುಡುಗರು ಆಡುತ್ತಾರೆ, ಜಾಗ ಹಾಳು ಬೀಳುವುದಿಲ್ಲ. ಪಿ.ಟಿ. ಮಾಸ್ತರು ಮತ್ತು ಔಷಧಿ ಅಂಗಡಿ ಕಾಕಾ ಬೇಡ ಅಂದರು, ಆದರೆ ಕೆಲಸ ಮಾಡುವ ಶಕ್ತಿ ಇಲ್ಲ ಅಂತಲೂ ಒಪ್ಪಿಕೊಂಡರು. ಎಲ್ಲರೂ ನನ್ನ ಕಡೆ ನೋಡಿದರು.

ಬೇಲಿಯ ಆಚೆ ಏಳೆಂಟು ಹುಡುಗರು ನಿಂತಿದ್ದರು. ಅದರಲ್ಲಿ ಇಬ್ಬರು ಹುಡುಗಿಯರು. ಮೀಟಿಂಗು ಮುಗಿದರೆ ಹಳೇ ಚೆಂಡು ಸಿಗಬಹುದು ಅಂತ ಕಾಯುತ್ತಿದ್ದರು. ಟರ್ಫ್ ಬಂದರೆ ಇವರು ತಾಸಿಗೆ ರೊಕ್ಕ ಕೊಟ್ಟು ಒಳಗೆ ಬರಬೇಕು. ಇವರ ಹತ್ತಿರ ರೊಕ್ಕ ಇಲ್ಲ. ಕೈ ಇದೆ. ಇಲ್ಲಿವರೆಗೆ ಈ ಕೋರ್ಟಿನಲ್ಲಿ ಕೈಯೂ ನಡೆಯುತ್ತಿತ್ತು.

"ಒಂದು ವರ್ಷ ನೋಡೂಣ್ರಿ. ಲೆಕ್ಕ, ಸರದಿ ನಾನು ನೋಡಕೋತೀನಿ. ಕೀಲಿಕೈ ನಮ್ಮ ಮನ್ಯಾಗ ಬ್ಯಾಡ. ಯಾರ ಸರದಿನೋ ಅವರ ಹತ್ರ ಇರಲಿ" ಅಂದೆ. ಹೂಂ ಅಂತ ಹೇಳಿ ಬರಲು ಹೋದವಳು ಊಹೂಂ ಅಂತ ಹೇಳಿ ಬಂದಿದ್ದೆ. ಅಪ್ಪನಿಗೆ ಹೇಳಿದಾಗ ಅವರು ಮಾತಾಡಲಿಲ್ಲ. ಹಾಸಿಗೆಯಲ್ಲೇ ಬಗ್ಗಿ ಕಾಲಿನ ಪಟ್ಟಿ ಸರಿ ಮಾಡಿಕೊಂಡರು. ಆ ಲೇಸಿನ ನೆನಪು ನನಗೆ ಬಂತು. ಅವರಿಗೂ ಬಂದಿರಬೇಕು. "ಹುಡುಗ್ಯಾರ ಪಾಳಿ ಮೊದಲ ಬರಿ" ಅಂದರು.

ಈಗ

ಈಗ ಹನ್ನೊಂದು ಮಕ್ಕಳು ಬರುತ್ತಾರೆ, ನಾಲ್ವರು ಹುಡುಗಿಯರು. ವಂತಿಗೆ ಯುಪಿಐನಲ್ಲಿ ಬರುತ್ತದೆ. ಕೊಡಲಾಗದವರು ರೋಲರ್ ಎಳೆಯುತ್ತಾರೆ. ಸರದಿಯ ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಸಾರಿಸುವ ಸರದಿಯಲ್ಲಿ ಗಂಡು, ಹೆಣ್ಣು ಇಬ್ಬರ ಹೆಸರೂ ಇದೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಇಪ್ಪತ್ತು ವರ್ಷ ಸಾರಿಸಿದ ಹೆಣ್ಣುಮಕ್ಕಳ ಹೆಸರುಗಳನ್ನು ಬರೆದಿದ್ದೀನಿ. ಅಮ್ಮನದು ಮೊದಲು.

ಎಲ್ಲ ಸರಿ ಹೋಯಿತು ಅಂತ ಹೇಳಲಾರೆ. ಮಳೆಗಾಲದಲ್ಲಿ ಒಂದು ಮೂಲೆ ಕುಸಿಯಿತು. ಚಲೋ ಆಡುತ್ತಿದ್ದ ಇಬ್ಬರು ಪಿಯುಸಿ ಕೋಚಿಂಗ್ ಅಂತ ಬಿಟ್ಟರು. ಒಂದು ವಾರ ಕೀಲಿಕೈಯೇ ಕಳೆದಿತ್ತು. ವರ್ಷ ಮುಗಿದ ಮೇಲೆ ಮತ್ತೆ ಮೀಟಿಂಗು ಇದೆ, ಟರ್ಫಿನವರು ಮತ್ತೆ ಬರಬಹುದು. ಆದರೆ ಮೊನ್ನೆ ಭಾನುವಾರ ಬೆಳಿಗ್ಗೆ ಐದೂವರೆಗೆ ನನ್ನ ಫೋನು ಬಡಿದುಕೊಂಡಿತು. ಹನ್ನೆರಡು ವರ್ಷದ ದನಿ: "ಅಕ್ಕಾರ, ಕೀಲಿಕೈ ಯಾರ ಹತ್ರ ಐತ್ರಿ? ನಂದು ನೀರು ಹೊಡಿಯೂ ಪಾಳಿ." ಬೆಂಗಳೂರಿನ ನಿದ್ದೆಗಣ್ಣಿನಲ್ಲಿ ಪಟ್ಟಿ ನೋಡಿ ಹೇಳಿದೆ. ಮತ್ತೆ ಮಲಗಲಿಲ್ಲ.

ನೀವೂ ಊರು ಬಿಟ್ಟು ಬಂದವರಾದರೆ ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಗರಡಿ, ವಾಲಿಬಾಲ್ ಗ್ರೌಂಡು, ಓಣಿಯ ವಾಚನಾಲಯ, ಭಜನಿ ಮನಿ. ಮುಂದಿನ ಸಲ ಹೋದಾಗ ಅದು ಇದೆಯೋ ಇಲ್ಲವೋ ಅಂತ ನೋಡಿ ಫೋಟೋ ತೆಗೆದು ಬರಬೇಡಿ. ಕೀಲಿಕೈ ಯಾರ ಹತ್ತಿರ ಇದೆ ಅಂತ ಕೇಳಿ. ಅವರಿಗೆ ವಯಸ್ಸೆಷ್ಟು ಅಂತಲೂ ಕೇಳಿ.

ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ನಾನು ಬಸ್ಸು ಹತ್ತುತ್ತೀನಿ. ಆಫೀಸಿನಲ್ಲಿ ಪಕ್ಕದ ಸೀಟಿನವಳು, "ಮತ್ತೆ ಊರಿಗಾ? ಏನ್ ಕೆಲ್ಸ?" ಅಂತ ಕೇಳುತ್ತಾಳೆ.

"ಕೋರ್ಟಿಗೆ ಹೋಗ್ಬೇಕು" ಅನ್ನುತ್ತೀನಿ.

"ಅಯ್ಯೋ, ಜಾಗದ ವಿಷ್ಯಾನಾ?"

"ಹೌದು" ಅನ್ನುತ್ತೀನಿ. "ಜಾಗದ ವಿಷಯಾನೇ."